ನಾಗಪುರದ ಮನೆಯಲ್ಲೊಂದು ಸರ್ವರ್

ನಾಗಪುರದ ಕನ್ನಡಿಗರಲ್ಲಿ ಎರಡು ಬಗೆ. ವರ್ಗವಾಗಿ ಬಂದು ಮತ್ತೆ ವರ್ಗವಾಗಿ ಹೋಗುವವರು ಒಂದು ಬಗೆ. ವರ್ಗವಾಗಿ ಬಂದು ಇಲ್ಲೇ ಮನೆ ಕಟ್ಟಿಕೊಂಡು ಉಳಿದವರು ಇನ್ನೊಂದು ಬಗೆ. ಹೋಟೆಲು ನಡೆಸುವ ಉಡುಪಿ ಕಡೆಯವರನ್ನು ಬಿಟ್ಟರೆ, ನಾನು ಕಂಡ ಹೆಚ್ಚಿನವರನ್ನು ಇಲ್ಲಿಗೆ ತಂದದ್ದು ಆಫೀಸಿನ ಆರ್ಡರ್ ಕಾಗದವೇ. ರೈಲ್ವೆ, ಬ್ಯಾಂಕು, ಭಾರತೀಯ ಗಣಿ ಬ್ಯೂರೋ, ವೆಸ್ಟರ್ನ್ ಕೋಲ್‌ಫೀಲ್ಡ್ಸ್, 1958ರಲ್ಲಿ ಶುರುವಾದ ನೀರಿ ಎಂಬ ಪರಿಸರ ಸಂಶೋಧನಾ ಸಂಸ್ಥೆ, ಅಂಬಾಝರಿಯ ಆರ್ಡ್‌ನೆನ್ಸ್ ಫ್ಯಾಕ್ಟರಿ, ಹೀಗೆ. ಈಚೆಗೆ ಮಿಹಾನ್‌ನ ಸಾಫ್ಟ್‌ವೇರ್ ಕಂಪನಿಗಳಿಗೂ ನಮ್ಮ ಕಡೆಯ ಹುಡುಗ ಹುಡುಗಿಯರು ಬರತೊಡಗಿದ್ದಾರೆ. ನಾನು ಬ್ಯಾಂಕಿನವನು, ಊರು ಗದಗದ ಹತ್ತಿರ, ಮೊದಲ ಬಗೆಯವನು. ಎರಡನೆಯ ಬಗೆಯವರೊಬ್ಬರು ನನ್ನ ಕೈಗೆ ಕೊಟ್ಟು ಹೋದ ಒಂದು ಪೆಟ್ಟಿಗೆಯಿಂದಾಗಿ ನಮ್ಮ ಮನೆಯಲ್ಲಿ ಸರ್ವರ್ ಒಂದು ಕೂತಿದೆ. ಅದರ ಕಥೆ ಇದು.

ಪೆಟ್ಟಿಗೆಯಲ್ಲಿ ಇದ್ದದ್ದು ಕ್ಯಾಸೆಟ್ಟುಗಳು. ಒಟ್ಟು 52. ಕಾಕಾ ಅಂತಲೇ ನಾವೆಲ್ಲ ಕರೆಯುತ್ತಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು 1984ರಿಂದ ಸುಮಾರು 15 ವರ್ಷ ಇಲ್ಲಿನ ಕನ್ನಡ ಮನೆಗಳಲ್ಲಿ ನಡೆದದ್ದನ್ನೆಲ್ಲ ಟೇಪ್ ಮಾಡಿಟ್ಟಿದ್ದರು. ರಾಜ್ಯೋತ್ಸವದ ಭಾಷಣ, ಗಣಪತಿ ಹಬ್ಬದ ನಾಟಕ, ಶ್ರಾವಣದ ಹಾಡು, ಬೀಸುವ ಕಲ್ಲಿನ ಪದ, ಯಾರದೋ ಅಜ್ಜಿ ಹೇಳಿದ ಕಾಗಕ್ಕ ಗುಬ್ಬಕ್ಕನ ಕಥೆ. ಕೆಲವು ಕ್ಯಾಸೆಟ್ಟಿನಲ್ಲಿ ಬರಿ ಹರಟೆ. ಧಂತೋಲಿಯ ಒಂದು ವಠಾರದ ಅಂಗಳದಲ್ಲಿ ಬೇಸಿಗೆಯ ರಾತ್ರಿ ಮಂಚ ಹಾಕಿಕೊಂಡು ಕೂತ ಎಂಟು ಹತ್ತು ಜನ, ಮಾವಿನಕಾಯಿಯ ರೇಟು, ಸಂಘಮಿತ್ರಾ ರೈಲಿನ ಲೇಟು, ಊರಲ್ಲಿ ಬಿದ್ದ ಮಳೆ, ಇವನ್ನೇ ಮಾತಾಡುತ್ತಾರೆ. ಹಿಂದೆ ಕೂಲರ್ ಗುರ್ ಅನ್ನುತ್ತಿರುತ್ತದೆ.

ಕಾಕಾ 2021ರಲ್ಲಿ ಹೋದರು. ಅವರಿಗೆ ಮಕ್ಕಳಿಲ್ಲ. ಕಾಕು ಮನೆ ಮಾರಿ ಹುಬ್ಬಳ್ಳಿಗೆ, ತಮ್ಮನ ಮನೆಗೆ ಹೊರಟರು. ಹೊರಡುವ ಮುನ್ನ ಪೆಟ್ಟಿಗೆ ನನ್ನ ಕೈಗಿಟ್ಟು, "ಇವನ್ನ ಒಗೀಬ್ಯಾಡಪಾ, ಹಂಗಂತ ನಾ ಒಯ್ಯಲಿಕ್ಕೂ ಆಗೂದಿಲ್ಲ" ಅಂದರು. ಅಷ್ಟೇ. ಇದನ್ನು ಏನು ಮಾಡು ಅಂತ ಅವರು ಹೇಳಲಿಲ್ಲ.

ಟೇಪಿನಿಂದ ಕಂಪ್ಯೂಟರಿಗೆ ಇಳಿಸುವುದು ಕಷ್ಟವಲ್ಲ, ಪುರುಸೊತ್ತು ಬೇಕು. ಸೀತಾಬರ್ಡಿಯಲ್ಲಿ ಹಳೆ ಟೇಪ್ ರೆಕಾರ್ಡರ್ ರಿಪೇರಿ ಮಾಡುವವರೊಬ್ಬರು ಸಿಕ್ಕರು, ಬೆಲ್ಟು ಬದಲಿಸಿ ಹೆಡ್ಡು ಒರೆಸಿ ಕೊಟ್ಟರು. ಅದರ ಇಯರ್‌ಫೋನ್ ತೂತಿನಿಂದ ಒಂದು ವೈರು, ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡು, ಪುಕ್ಕಟೆ ಸಿಗುವ ಆಡಾಸಿಟಿ ತಂತ್ರಾಂಶ, ಇಷ್ಟು ಸಾಕು. ಆದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಓಡಿಸಲಿಕ್ಕೆ ಬರುವುದಿಲ್ಲ. ಭಾನುವಾರಕ್ಕೆ ಎರಡರಂತೆ 40 ಕ್ಯಾಸೆಟ್ಟು ಮುಗಿದವು. ಮಾತಿಗೆ ಸಾಲುವಷ್ಟು ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಇಟ್ಟರೆ ಒಂದು ಗಂಟೆಗೆ ಸುಮಾರು 29 ಎಂ.ಬಿ. ಆಗುತ್ತದೆ. ನಲವತ್ತು ಗಂಟೆಗೆ 1.2 ಜಿ.ಬಿ.ಯೂ ಇಲ್ಲ. ಹದಿನೈದು ವರ್ಷದ ನಾಗಪುರದ ಕನ್ನಡವೆಲ್ಲ ಇವತ್ತಿನ ಒಂದು ಸಿನಿಮಾದಷ್ಟೂ ಜಾಗ ತಿನ್ನುವುದಿಲ್ಲ.

ಇಳಿಸಿದ್ದನ್ನು ಎಲ್ಲಿಡುವುದು? ಯೂಟ್ಯೂಬಿಗೆ ಹಾಕಿಬಿಡಿ ಅಂದರು ಹಲವರು. ಹಾಕಬಹುದಿತ್ತು. ಆದರೆ ಆ ದನಿಗಳ ಮಕ್ಕಳು ಮೊಮ್ಮಕ್ಕಳಿಗೆ ಫೋನ್ ಮಾಡಿ ಕೇಳಿದಾಗ ಕೆಲವರು ಬೇಡ ಅಂದರು. "ನಮ್ಮವ್ವ ಮನೀ ಮಂದಿ ಮುಂದ ಹಾಡಿದ್ದು, ಊರ ಮಂದಿ ಮುಂದಲ್ಲ" ಅಂತ ಒಬ್ಬರು ಹೇಳಿದ್ದು ನನಗೆ ಸರಿ ಅನ್ನಿಸಿತು. ಆರತಿ ಹಾಡಿನ ನಡುವೆ ಸಾಬೂನಿನ ಜಾಹೀರಾತು ಬರುವುದೂ ಬೇಡವಿತ್ತು. ಇನ್ನೊಂದು ಕಾರಣವೂ ಇತ್ತು. ಕಾಕಾ ಹಿಂದೊಮ್ಮೆ ಇಲ್ಲಿನ ಕನ್ನಡಿಗರ ಫೋಟೋಗಳನ್ನೂ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳನ್ನೂ ಒಂದು ಉಚಿತ ತಾಣದಲ್ಲಿ ಇಟ್ಟಿದ್ದರಂತೆ. ಒಂದು ದಿನ ಅದು ಮುಚ್ಚಿತು, ಎಲ್ಲ ಹೋಯಿತು. ಇದು ಅವರೊಬ್ಬರ ಕಥೆಯಲ್ಲ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ತಾಣಗಳಲ್ಲಿ ಒಂದಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ನಿಂತಿತು. ದೂರದೂರುಗಳಲ್ಲಿದ್ದ ಕನ್ನಡಿಗರು ಒಬ್ಬರಿಗೊಬ್ಬರು ಬರೆದುಕೊಂಡದ್ದು ಎಷ್ಟೋ ಅಂಥ ಕಡೆ ಇತ್ತು. ಪುಕ್ಕಟೆ ಜಾಗ ಕೊಟ್ಟವರು ಬಿಡು ಅಂದ ದಿನ ಬಿಡಬೇಕು, ಬಾಡಿಗೆ ಮನೆಯ ಹಾಗೆ.

ಹಾಗಾಗಿ ಮನೆಯಲ್ಲೇ ಇಡೋಣ ಅಂದುಕೊಂಡೆ. ರಾಸ್ಪ್‌ಬೆರಿ ಪೈ ಅಂತ ಅಂಗೈ ಅಗಲದ ಒಂದು ಕಂಪ್ಯೂಟರ್ ಸಿಗುತ್ತದೆ. 2012ರಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಇಂಗ್ಲೆಂಡಿನಲ್ಲಿ ಶುರುವಾದದ್ದು. ನಾನು ತಂದದ್ದು ಅದರ ನಾಲ್ಕನೆಯ ಮಾದರಿ. ಅದರ ಮೇಲೆ ಲಿನಕ್ಸ್, ಲಿನಕ್ಸ್ ಮೇಲೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ. ಸರ್ವರ್ ಅಂದರೆ ದೊಡ್ಡ ಹೆಸರು ಅಷ್ಟೇ. ಯಾರಾದರೂ ಬಂದು "ಇಂಥ ಕಡತ ಕೊಡಿ" ಅಂದರೆ ತೆಗೆದು ಕೊಡುವ ಗುಮಾಸ್ತ ಅದು. ಐದು ವ್ಯಾಟ್‌ನಷ್ಟು ಕರೆಂಟು ತಿನ್ನುತ್ತದೆ. ವರ್ಷವಿಡೀ ಹಗಲೂ ರಾತ್ರಿ ಉರಿದರೂ ಸುಮಾರು 44 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ 440 ರೂಪಾಯಿ. ನಮ್ಮ ಮನೆಯ ಕೂಲರ್ ಮೇ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ಡಬ್ಬಿ ಸಿದ್ಧವಾದದ್ದು ಒಂದು ಸಂಜೆಯಲ್ಲಿ. ಅದು ಹೊರಗಿನವರಿಗೆ ಕಾಣುವಂತೆ ಮಾಡಲಿಕ್ಕೆ ಎರಡು ತಿಂಗಳು ಹಿಡಿಯಿತು. ಯಾಕೆ ಅಂತ ಹೇಳಬೇಕಾದರೆ ರೌಟರಿನ ಕೆಲಸ ಏನು ಅಂತ ಹೇಳಬೇಕು. ನೀವೆಲ್ಲ ಫ್ಲಾಟುಗಳಲ್ಲಿ ಇರುವವರು, ವಾಚ್‌ಮನ್‌ನ ಉದಾಹರಣೆ ಸುಲಭವಾಗುತ್ತದೆ.

ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ರೌಟರು ಕೊಡುವ ವಿಳಾಸ 192.168 ಅಂತ ಶುರುವಾಗುತ್ತದೆ ಅಲ್ಲವೇ? ಅದು ಫ್ಲಾಟ್ ನಂಬರು ಇದ್ದ ಹಾಗೆ. ನಾಗಪುರದ ಸಾವಿರ ಬಿಲ್ಡಿಂಗಿನಲ್ಲಿ 302 ನಂಬರಿನ ಫ್ಲಾಟಿದೆ. ಬರಿ 302 ಅಂತ ಬರೆದರೆ ಕಾಗದ ಎಲ್ಲಿಗೂ ಮುಟ್ಟುವುದಿಲ್ಲ. ಈ ವಿಳಾಸಗಳನ್ನು ಒಳಗಿನ ಬಳಕೆಗೆ ಮಾತ್ರ ಅಂತ ತೆಗೆದಿಟ್ಟದ್ದು 1994ರಲ್ಲಿ. ಹೊರಗೆ ಕಾಣುವುದು ಇಡೀ ಬಿಲ್ಡಿಂಗಿನ ಒಂದೇ ವಿಳಾಸ, ಗೇಟಿನಲ್ಲಿ ರೌಟರ್ ಎಂಬ ವಾಚ್‌ಮನ್. ಒಳಗಿನವರು ಹೊರಗೆ ಏನಾದರೂ ತರಿಸಿದರೆ ಅವನು ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಡೆಲಿವರಿ ಹುಡುಗ ಬಂದಾಗ ವಹಿ ನೋಡಿ ಸರಿಯಾದ ಮನೆಗೆ ಕಳಿಸುತ್ತಾನೆ. ಆದರೆ ಯಾರೂ ಕರೆಯದೆ ಬಂದ ಅತಿಥಿಯನ್ನು ಯಾವ ಮನೆಗೆ ಅಂತ ಕಳಿಸುವುದು? ಗೇಟಿನಲ್ಲೇ ನಿಲ್ಲಿಸುತ್ತಾನೆ. ಸರ್ವರಿಗೆ ಬರುವವರೆಲ್ಲ ಇಂಥ ಅತಿಥಿಗಳೇ. ಅದಕ್ಕೆ ವಾಚ್‌ಮನ್‌ಗೆ ಮೊದಲೇ ಹೇಳಿಡಬೇಕು: 443 ಅಂತ ಕೇಳಿಕೊಂಡು ಬಂದವರನ್ನು ನಮ್ಮ ಡಬ್ಬಿಯ ಹತ್ತಿರ ಬಿಡು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. 443 ಅನ್ನುವುದು ಬೀಗ ಹಾಕಿದ, ಅಂದರೆ ಗುಪ್ತಲಿಪಿಯ ವೆಬ್ ಸಂಚಾರದ ಬಾಗಿಲು. 80 ಹಳೆಯ ಬಾಗಿಲು, ಬೀಗವಿಲ್ಲದ್ದು.

ಹೇಳಿಟ್ಟೆ. ಆದರೂ ಯಾರೂ ಒಳಗೆ ಬರಲಿಲ್ಲ. ರೌಟರಿನ ಪುಟದಲ್ಲಿ ನೋಡಿದರೆ ಅದಕ್ಕೆ ಹೊರಗಿನಿಂದ ಸಿಕ್ಕ ವಿಳಾಸ 100.72 ಅಂತ ಶುರುವಾಗಿತ್ತು. ಇಂಟರ್‌ನೆಟ್ಟಿನಲ್ಲಿ "ನನ್ನ ವಿಳಾಸ ಏನು" ಅಂತ ಕೇಳಿದರೆ ಬೇರೆಯೇ ಅಂಕಿ ಬರುತ್ತಿತ್ತು. ಆಗ ತಿಳಿಯಿತು, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಆಚೆಗೆ ಇಡೀ ಬಡಾವಣೆಗೇ ಇನ್ನೊಂದು ಗೇಟಿದೆ, ಅಲ್ಲೊಬ್ಬ ವಾಚ್‌ಮನ್ ಇದ್ದಾನೆ, ಅವನು ನಮ್ಮ ಮಾತು ಕೇಳುವವನಲ್ಲ. ವಿಳಾಸಗಳ ಬರಗಾಲ ಇದಕ್ಕೆ ಕಾರಣ. ಹಳೆಯ ಪದ್ಧತಿಯ ಐಪಿ ವಿಳಾಸ ಒಟ್ಟು ಸುಮಾರು 430 ಕೋಟಿ. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಕೇಂದ್ರ ಉಗ್ರಾಣದ ಕೊನೆಯ ಕಟ್ಟುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಿದರು. ನಮ್ಮ ಏಷ್ಯಾ ಭಾಗದ ಉಗ್ರಾಣ ಅದೇ ಏಪ್ರಿಲಿನಲ್ಲಿ ತಳ ಕಂಡು ರೇಷನ್ ಶುರು ಮಾಡಿತು. ಆಮೇಲೆ ಇಂಟರ್‌ನೆಟ್ ಕೊಡುವವರು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸತೊಡಗಿದರು. ಅದಕ್ಕೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಮೀಸಲಿಟ್ಟರು. ನಮ್ಮ ಮನೆ ಆ ಸಾಲಿನಲ್ಲಿತ್ತು. ಸಿನಿಮಾ ನೋಡಲಿಕ್ಕೆ, ಬ್ಯಾಂಕಿನ ಕೆಲಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಪಡೆಯುವವನಿಗೆ ತೊಂದರೆಯಿಲ್ಲ, ಕೊಡಬೇಕು ಅಂದವನಿಗೆ ಮಾತ್ರ ತೊಂದರೆ.

ಹೊಸ ಪದ್ಧತಿ ಐಪಿವಿ6 ಇದೆಯಲ್ಲ ಅಂತ ನಿಮ್ಮಲ್ಲಿ ತಿಳಿದವರು ಕೇಳಬಹುದು. ಅದರಲ್ಲಿ ವಿಳಾಸಕ್ಕೆ ಬರವಿಲ್ಲ, ಮನೆಯ ಪ್ರತಿ ಡಬ್ಬಿಗೂ ಸ್ವಂತ ವಿಳಾಸ ಸಿಗುತ್ತದೆ. ಭಾರತ ಅದರ ಬಳಕೆಯಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿದೆ, ಮುಖ್ಯವಾಗಿ ಮೊಬೈಲುಗಳಿಂದಾಗಿ. ಅದನ್ನೂ ಮಾಡಿದೆ. ಹುಬ್ಬಳ್ಳಿಯಲ್ಲಿ ಕಾಕು ಫೋನಿನಲ್ಲಿ ತಾಣ ಕೂಡಲೇ ತೆರೆಯಿತು. ಪುಣೆಯಲ್ಲಿದ್ದ ಅವರ ತಮ್ಮನ ಮಗಳ ಆಫೀಸಿನಲ್ಲಿ ತೆರೆಯಲಿಲ್ಲ, ಅಲ್ಲಿ ಇನ್ನೂ ಹಳೆ ಪದ್ಧತಿ ಮಾತ್ರ. ಅರ್ಧ ಜನಕ್ಕೆ ಬಾಗಿಲು ತೆರೆದು ಅರ್ಧ ಜನಕ್ಕೆ ಮುಚ್ಚಿದರೆ ಹೇಗೆ? ಕೊನೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಹಳೆ ಪದ್ಧತಿಯ ಖಾಯಂ ವಿಳಾಸವನ್ನೇ ತೆಗೆದುಕೊಂಡೆ. ನಾಲ್ಕು ಸಲ ಫೋನು, ಎರಡು ಸಲ ಅರ್ಜಿ. ಪ್ರತಿ ಸಲವೂ ಆ ಕಡೆಯವರದು ಒಂದೇ ಪ್ರಶ್ನೆ: "ಸರ್, ಆಪ್ ಕಾ ಬಿಜಿನೆಸ್ ಕ್ಯಾ ಹೈ?" ಬಿಜಿನೆಸ್ ಏನೂ ಇಲ್ಲ, ನಮ್ಮ ಕಾಕಾನ ದನಿ ಕೇಳಿಸಬೇಕು ಅಂದರೆ ಆ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ವರ್ಷಕ್ಕೆ ಸಾವಿರ ರೂಪಾಯಿಯ ಒಳಗೆ ಒಂದು ಹೆಸರು ಕೊಂಡೆ, ಅದನ್ನು ಆ ವಿಳಾಸಕ್ಕೆ ಕಟ್ಟಿದೆ. ಗುಪ್ತಲಿಪಿಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ, ನನಗೆ ಸಿಕ್ಕದ್ದು 90 ದಿನಕ್ಕೊಮ್ಮೆ ಮುಗಿಯುವಂಥದ್ದು, ಡಬ್ಬಿ ತಾನೇ ನವೀಕರಿಸಿಕೊಳ್ಳುತ್ತದೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವ ಆಸೆಯಿತ್ತು. ಆದರೆ ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿ ಒಡೆಯುತ್ತದೆ. "ನಾಗಪುರ" ಅಂತ ಬರೆದರೆ 54 ಚಿಹ್ನೆ. ವಾಟ್ಸಾಪಿನಲ್ಲಿ ಕಳಿಸಿದರೆ ಪರದೆ ತುಂಬ ಹಾವು ಹರಿದ ಹಾಗೆ ಕಾಣುತ್ತದೆ. ಅದಕ್ಕೆ ಕಡತಕ್ಕೆ ಅಂಕಿಯ ಹೆಸರು, ಪುಟದಲ್ಲಿ ಮಾತ್ರ ಕನ್ನಡ: ಯಾರು, ಯಾವ ಊರಿನವರು, ಏನು, ಯಾವ ಹಬ್ಬ.

ಇಷ್ಟಾದ ಮೇಲೆ ಒಂದು ತಮಾಷೆ. ತಾಣ ಹುಬ್ಬಳ್ಳಿಯಲ್ಲಿ ತೆರೆಯುತ್ತದೆ, ಪುಣೆಯಲ್ಲಿ ತೆರೆಯುತ್ತದೆ, ಡಬ್ಬಿ ಇರುವ ನಮ್ಮ ಮನೆಯಲ್ಲೇ ತೆರೆಯುವುದಿಲ್ಲ! ಕೆಲವು ರೌಟರುಗಳಿಗೆ ಒಳಗಿನಿಂದ ಹೊರಟು ಹೊರಗಿನ ಗೇಟು ಮುಟ್ಟಿ ಮತ್ತೆ ಒಳಗೇ ಬರುವವರನ್ನು ಹೇಗೆ ನಡೆಸಬೇಕು ಅಂತ ತಿಳಿಯುವುದಿಲ್ಲ. ನಮ್ಮದು ಅಂಥದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕೆ? ಮನೆಯೊಳಗಿನವರಿಗೆ ಆ ಹೆಸರು ಕೇಳಿದರೆ ನೇರವಾಗಿ ಒಳಗಿನ ವಿಳಾಸವನ್ನೇ ಹೇಳುವಂತೆ ವ್ಯವಸ್ಥೆ ಮಾಡಬೇಕಾಯಿತು.

ಬಾಗಿಲು ತೆರೆದರೆ ನೆಂಟರು ಮಾತ್ರ ಬರುವುದಿಲ್ಲ. ತೆರೆದ ಮೊದಲ ರಾತ್ರಿಯೇ ಯಾರು ಯಾರು ಬಂದರು ಅಂತ ಡಬ್ಬಿ ಬರೆದಿಟ್ಟ ದಾಖಲೆ ನೋಡಿದೆ. ಹೆಸರು ಯಾರಿಗೂ ಹೇಳಿರಲಿಲ್ಲ, ಆದರೂ ನೂರಾರು ಜನ ಬಾಗಿಲು ಬಡಿದಿದ್ದರು. ಜನ ಅಲ್ಲ, ಯಂತ್ರಗಳು. ನಮ್ಮಲ್ಲಿ ಇಲ್ಲವೇ ಇಲ್ಲದ ವರ್ಡ್‌ಪ್ರೆಸ್‌ನ ಲಾಗಿನ್ ಪುಟ ಎಲ್ಲಿ ಅಂತ ಕೇಳುತ್ತಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. 2013ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಎಂಬ ತಂತ್ರಾಂಶ ಮಾಡಿ, ಒಂದೇ ಕಂಪ್ಯೂಟರಿನಿಂದ ಹಳೆ ಪದ್ಧತಿಯ ಅಷ್ಟೂ ವಿಳಾಸಗಳ ಒಂದೊಂದು ಬಾಗಿಲನ್ನು 45 ನಿಮಿಷದೊಳಗೆ ಬಡಿದು ಬರಬಹುದು ಅಂತ ತೋರಿಸಿದ್ದರು. ಸಣ್ಣವರು, ನಮ್ಮನ್ನು ಯಾರು ಕೇಳುತ್ತಾರೆ ಅನ್ನುವ ಮಾತು ಇಂಟರ್‌ನೆಟ್ಟಿನಲ್ಲಿ ನಡೆಯುವುದಿಲ್ಲ. ಹಾಗಂತ ಹೆದರಿ ಕೂರಬೇಕಾಗಿಯೂ ಇಲ್ಲ. ಡಬ್ಬಿಯನ್ನು ನಿರ್ವಹಿಸುವ ಬಾಗಿಲು ಮನೆಯೊಳಗಿನವರಿಗೆ ಮಾತ್ರ ತೆರೆಯುತ್ತದೆ. ಮನೆಯ ಫೋನು, ಟಿವಿಗಳಿಂದ ಬೇರೆಯಾದ ಜಾಲದಲ್ಲಿ ಡಬ್ಬಿ ಕೂತಿದೆ, ಅಕಸ್ಮಾತ್ ಅದು ಕೆಟ್ಟವರ ಕೈ ಸೇರಿದರೂ ಉಳಿದವಕ್ಕೆ ಮುಟ್ಟಲಿಕ್ಕಾಗದು. ಅಪ್‌ಡೇಟ್‌ಗಳು ರಾತ್ರಿ ತಾವೇ ಆಗುತ್ತವೆ. ಕೇಳುವವರಿಗೆ ಒಂದು ಪಾಸ್‌ವರ್ಡ್ ಇದೆ, ಬೇಡ ಅಂದವರ ಮನೆಯ ಹಾಡು ಅವರ ಕುಟುಂಬದ ಪಾಸ್‌ವರ್ಡಿಗೆ ಮಾತ್ರ ಸಿಗುತ್ತದೆ.

ಕಳ್ಳರಿಗಿಂತ ನಮ್ಮ ಡಬ್ಬಿಗೆ ದೊಡ್ಡ ವೈರಿ ನಾಗಪುರದ ಬಿಸಿಲು. ಮೇ ಕೊನೆಗೆ ಶುರುವಾಗುವ ಒಂಬತ್ತು ದಿನ ಇಲ್ಲಿ ನವತಪಾ, 45 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಈ ಪೈ ತನ್ನ ಒಳಗಿನ ಶಾಖ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ. ಕೂಲರಿನ ಮುಂದೆ ಇಡೋಣವೆಂದರೆ ನೀರಿನ ತೇವ. ಪಡುವಣ ಗೋಡೆಗೆ ದೂರವಾಗಿ, ಮನೆಯ ನಡುವಿನ ಓಣಿಯಲ್ಲಿ, ದೇವರ ಕಟ್ಟೆಯ ಪಕ್ಕದ ಕಪಾಟಿನ ಮೇಲೆ ಜಾಗವಾಯಿತು. ಶಾಖ ಹೊರಹಾಕಲು ದಪ್ಪ ಅಲ್ಯೂಮಿನಿಯಂ ಕವಚ, ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ, ಕರೆಂಟು ಹೋದರೆ ರೌಟರಿಗೂ ಡಬ್ಬಿಗೂ ಎರಡು ತಾಸು ಉಸಿರು ಕೊಡುವ ಸಣ್ಣ ಯುಪಿಎಸ್. ನನ್ನ ಹೆಂಡತಿ ನೋಡಿ ನೋಡಿ, "ಏನ್ರೀ, ಈ ಡಬ್ಬಿಗೆ ಮಾಡೋ ಉಪಚಾರದಾಗ ಅರ್ಧಾನರೆ ನಮ್ಮಣ್ಣ ಬಂದಾಗ ಮಾಡಿದ್ರೇನು?" ಅಂದಳು.

ಕಸ ಗುಡಿಸುವ ತಾಈ ಬಂದಾಗ ಪ್ಲಗ್ ಕೀಳಬಾರದು ಅಂತ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದೇನೆ. ಕನ್ನಡದಲ್ಲಿ "ಬಂದ್ ಮಾಡಬೇಡಿ", ಮರಾಠಿಯಲ್ಲಿ "ಬಂದ್ ಕರೂ ನಕಾ". ಇದರಲ್ಲಿ ನನ್ನ ಹೊಸತೇನಿಲ್ಲ. ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರ್ ಕೂಡ ಟಿಮ್ ಬರ್ನರ್ಸ್ ಲೀ ಅವರ ಮೇಜಿನ ಕಂಪ್ಯೂಟರೇ ಆಗಿತ್ತು, ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ. ಇದು ಸರ್ವರ್, ಆರಿಸಬೇಡಿ ಅಂತ ಅದಕ್ಕೂ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ವೆಬ್ ಹುಟ್ಟಿದಾಗ ಅದು ಒಬ್ಬೊಬ್ಬರ ಮೇಜಿನ ಮೇಲೆ ಇರಬಹುದಾದ ವಸ್ತುವೇ ಆಗಿತ್ತು. ಆಮೇಲೆ ನಾವೆಲ್ಲ ಕೇಳುವವರು ಮಾತ್ರ ಆದೆವು, ಇಟ್ಟುಕೊಳ್ಳುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದೆವು.

ಇಟ್ಟುಕೊಳ್ಳುವುದು ಅಂದಾಗ ಕಾಕಾನ 1987ರ ರಾಜ್ಯೋತ್ಸವದ ಭಾಷಣ ನೆನಪಾಗುತ್ತದೆ, ಹದಿನಾಲ್ಕನೆಯ ಕ್ಯಾಸೆಟ್ಟು. ಅದರಲ್ಲಿ ಎರಡು ಸಂಗತಿ ಹೇಳುತ್ತಾರೆ. ಮೊದಲನೆಯದು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅದೇ ದಿನ ನಾಗಪುರ ಮಧ್ಯಪ್ರದೇಶದ ರಾಜಧಾನಿಯ ಪಟ್ಟ ಕಳಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. "ನಾವು ಪೇಢೆ ಹಂಚೋ ದಿನಾನೇ ನಮ್ಮ ಊರು ಬಾಯಿ ಸಪ್ಪಗ ಮಾಡ್ಕೋತದ, ಅದಕ್ಕ ಪೇಢೆ ಬಾಜೂಕಿನವರಿಗೂ ಕೊಡ್ರಿ" ಅನ್ನುತ್ತಾರೆ, ಜನ ನಗುತ್ತಾರೆ. "ನಮ್ಮ ಊರು" ಅಂತ ಅವರು ಹೇಳಿದ್ದು ನಾಗಪುರಕ್ಕೆ.

ಎರಡನೆಯದು ದೇವಳಿಯ ತಾಮ್ರಪಟದ ಮಾತು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ, ಕ್ರಿ.ಶ. 940ರ ಆ ದಾನಶಾಸನ ರಾಷ್ಟ್ರಕೂಟರ ಮೂರನೆಯ ಕೃಷ್ಣನದು. ಭಾಷೆ ಸಂಸ್ಕೃತ. ಅದರಲ್ಲಿ ದಾನ ಕೊಟ್ಟ ಹಳ್ಳಿ ನಾಗಪುರ-ನಂದಿವರ್ಧನ ವಿಷಯದ್ದು ಅಂತ ಬರುತ್ತದೆ. ನಾಗಪುರ ಎಂಬ ಹೆಸರಿಗೆ ಸಿಕ್ಕಿರುವ ಅತಿ ಹಳೆಯ ಆಧಾರವೆಂದು ಅದನ್ನೇ ತೋರಿಸುತ್ತಾರೆ. ಆ ಕೃಷ್ಣನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಪೊನ್ನನಿಗೆ ಉಭಯಕವಿ ಚಕ್ರವರ್ತಿ ಅಂತ ಬಿರುದು ಕೊಟ್ಟವನೂ ಅವನೇ. ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಜೂರಾ ಎಂಬಲ್ಲಿ ಅವನ ಕನ್ನಡ ಶಾಸನವೇ ಸಿಕ್ಕಿದೆ. ಹೀಗೆ ಹೇಳಿ ಕಾಕಾ, "ಅಂದ್ರ ನಾವೇನು ಇಲ್ಲಿ ಹೊಸಬರಲ್ಲ" ಅಂತ ಮುಗಿಸುತ್ತಾರೆ, ಚಪ್ಪಾಳೆ ಬೀಳುತ್ತದೆ.

ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಕಲ್ಲಿನ ಶಾಸನ ಊರ ಮುಂದೆ ನಿಲ್ಲುತ್ತದೆ, ಎಲ್ಲರೂ ಓದಲಿ ಅಂತ. ತಾಮ್ರಪಟ ಹಾಗಲ್ಲ. ದಾನ ಪಡೆದವರ ಮನೆಯಲ್ಲಿ ಇರುವಂಥದ್ದು. ಅರಸರು ಹೋದರು, ಭಾಷೆ ಬದಲಾಯಿತು, ರಾಜ್ಯಗಳ ಗಡಿ ಹತ್ತು ಸಲ ಅಳಿಸಿ ಬರೆದರು. ಸಾವಿರ ವರ್ಷದ ಮೇಲೂ ಅದು ಸಿಕ್ಕಿತು ಅಂದರೆ ಎಲ್ಲೋ ಯಾರೋ ಅದನ್ನು ಕರಗಿಸಿ ಹಂಡೆ ಮಾಡದೆ ಇಟ್ಟುಕೊಂಡಿದ್ದರು. ಉಳಿಸಿಕೊಳ್ಳುವ ಕೆಲಸ ಇಷ್ಟೇ ಸರಳ, ಇಷ್ಟೇ ಬೇಸರದ್ದು.

ಬೇಸರದ್ದು ಅಂತ ಯಾಕಂದೆ ಅಂದರೆ, ಡಬ್ಬಿ ನಡೆಯುತ್ತಿದ್ದಾಗ ಅದರ ನೆನಪು ಯಾರಿಗೂ ಇರುವುದಿಲ್ಲ. ನಮ್ಮ ಫೈಬರ್ ಕನೆಕ್ಷನ್ನಿನಲ್ಲಿ ಲೆಕ್ಕಕ್ಕೆ ಸಾವಿರದ ಐನೂರು ಜನ ಒಟ್ಟಿಗೆ ಕೇಳಬಹುದು, ಕೇಳುವವರು ದಿನಕ್ಕೆ ಇಬ್ಬರೋ ಮೂವರೋ. ಹಬ್ಬದ ದಿನ ಹತ್ತು. ಅವರಲ್ಲಿ ತಪ್ಪದವರು ಕಾಕು ಒಬ್ಬರೇ, ರಾತ್ರಿ ಊಟವಾದ ಮೇಲೆ ಅರ್ಧ ತಾಸು. ಅದು ನನಗೆ ಗೊತ್ತಾದದ್ದು ಕಳೆದ ಜೂನಿನಲ್ಲಿ. ಮೊದಲ ಮಳೆಗೆ ಮುಂಚೆ ರಸ್ತೆ ಅಗೆಯುವಾಗ ಫೈಬರ್ ತುಂಡಾಯಿತು. ಡಬ್ಬಿ ಚೆನ್ನಾಗಿದೆ, ರೌಟರ್ ಚೆನ್ನಾಗಿದೆ, ಗೇಟಿನಾಚೆಯ ರಸ್ತೆಯೇ ಇಲ್ಲ. ದೂರು ಕೊಟ್ಟರೆ ನಾಳೆ ಅಂದರು, ನಾಡಿದ್ದು ಅಂದರು. ಎರಡನೆಯ ರಾತ್ರಿ ಕಾಕು ಫೋನು ಬಂತು.

"ತಮ್ಮಾ, ನಿನ್ನೆಯಿಂದ ಇವರು ಮಾತಾಡವಲ್ರು. ನಿಮ್ಮಲ್ಲಿ ಕರೆಂಟ್ ಹೋಗ್ಯದೇನು?"

ನಾನು ಕೇಬಲ್ ತುಂಡಾದದ್ದು ಹೇಳಿ, ಆ ಕ್ಯಾಸೆಟ್ಟಿನ ಕಡತವನ್ನು ಫೋನಿಗೆ ಕಳಿಸಲೇ, ನಿಮ್ಮ ಫೋನಿನಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಕೇಳಬಹುದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಸು ಬೇಕಾದ್ರ. ಆದ್ರ ಅದು ನಾಗಪುರದಾಗಿನ ಮನಿಯಿಂದ ಬರತದ ಅಂತ ಇತ್ತಲ್ಲ, ಅದೊಂದು ಸಮಾಧಾನ ಇತ್ತು ನೋಡು" ಅಂದರು. ತಂತ್ರಜ್ಞಾನದ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಅದೇ 29 ಎಂ.ಬಿ. ಆದರೆ 41 ವರ್ಷ ಈ ಊರಲ್ಲಿ ಸಂಸಾರ ಮಾಡಿದವರಿಗೆ ದನಿ ಎಲ್ಲಿಂದ ಬರುತ್ತದೆ ಅನ್ನುವುದೂ ದನಿಯ ಭಾಗವೇ. ನಾಲ್ಕನೆಯ ದಿನ ಕೇಬಲ್ ಜೋಡಿಸಿದರು. ಡಬ್ಬಿಯ ದಾಖಲೆಯಲ್ಲಿ ಆ ರಾತ್ರಿ 9.40ಕ್ಕೆ ಹುಬ್ಬಳ್ಳಿ ಇತ್ತು.

ಆಮೇಲೆ ನಕಲುಗಳ ವ್ಯವಸ್ಥೆ ಗಟ್ಟಿ ಮಾಡಿದೆ. ಇದಕ್ಕೊಂದು ಹಳೆಯ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಒಂದು ಪ್ರತಿ ಡಬ್ಬಿಯಲ್ಲಿ, ಒಂದು ನಾಗಪುರದ ಇನ್ನೊಂದು ಕನ್ನಡ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲಿ ಕಾಕು ಅವರ ಸಂಬಂಧಿಕರ ಹತ್ತಿರ. ಮೂಲ ಕ್ಯಾಸೆಟ್ಟುಗಳು ಒಣ ಡಬ್ಬದಲ್ಲಿ.

ಈಗ ನನ್ನ ಆರ್ಡರ್ ಬಂದಿದೆ, ಭುವನೇಶ್ವರಕ್ಕೆ. ಮೊದಲ ಬಗೆಯವನು ಅಂತ ಆಗಲೇ ಹೇಳಿದೆನಲ್ಲ. ಡಬ್ಬಿಯನ್ನು ನನ್ನ ಜೊತೆ ಒಯ್ಯುವುದು ಸುಲಭ, ಜೇಬಿನಲ್ಲಿ ಹಿಡಿಯುತ್ತದೆ. ಆದರೆ ಕಾಕು ಹೇಳಿದ ಮಾತಿನ ಮೇಲೆ ಒಯ್ಯಲು ಮನಸ್ಸಾಗಲಿಲ್ಲ. ಮಿಹಾನ್‌ನಲ್ಲಿ ಕೆಲಸ ಮಾಡುವ ವಿಜಯಪುರದ ಹುಡುಗಿಯೊಬ್ಬಳು, ನಮ್ಮ ಮಗಳಿಗೆ ಅಕ್ಕ ಇದ್ದ ಹಾಗೆ, "ಅಂಕಲ್, ನಮ್ಮ ರೂಮಿನ್ಯಾಗ ಇಡ್ತೀನಿ" ಅಂದಳು. ಅವಳ ಕನೆಕ್ಷನ್ನಿನಲ್ಲೂ ಅದೇ ಎರಡು ಗೇಟಿನ ಕಥೆ, ಖಾಯಂ ವಿಳಾಸ ಕೊಡುವುದಿಲ್ಲವಂತೆ. ಅವಳು ಬೇರೆ ದಾರಿ ಹುಡುಕಿದಳು. ಬಾಡಿಗೆಗೆ ಸಿಗುವ ಒಂದು ಸಣ್ಣ ಸರ್ವರಿಗೆ ಡಬ್ಬಿಯೇ ಒಳಗಿನಿಂದ ವೈರ್‌ಗಾರ್ಡ್ ಎಂಬ ಸುರಂಗ ತೋಡಿಕೊಂಡು ಕೂರುತ್ತದೆ, ಬಂದ ಅತಿಥಿ ಆ ಸುರಂಗದಿಂದ ಒಳಗೆ ಬರುತ್ತಾನೆ. ವಾಚ್‌ಮನ್‌ನ ಲೆಕ್ಕದಲ್ಲಿ ಒಳಗಿನವರೇ ಹೊರಗೆ ಹೊರಟದ್ದು, ಅವನು ತಡೆಯುವುದಿಲ್ಲ. ತಿಂಗಳ ಬಾಡಿಗೆಯನ್ನು ಆರು ಮನೆಯವರು ಹಂಚಿಕೊಳ್ಳುತ್ತೇವೆ. ಕಡತಗಳು ಮಾತ್ರ ಡಬ್ಬಿಯಲ್ಲೇ, ನಾಗಪುರದಲ್ಲೇ ಇರುತ್ತವೆ. ಕೊಂಡಿಟ್ಟ ಹೆಸರು ಅದೇ ಇರುವುದರಿಂದ ದಿಕ್ಕು ಬದಲಿಸಿದರೆ ಮುಗಿಯಿತು. ಹೋದ ವಾರ ಬದಲಿಸಿದೆವು, ಕಾಕು ಫೋನಿನಲ್ಲಿ ಏನೂ ಮುಟ್ಟಬೇಕಾಗಲಿಲ್ಲ.

ಪೆಟ್ಟಿಗೆಯಲ್ಲಿ ಇನ್ನೂ 12 ಕ್ಯಾಸೆಟ್ಟು ಉಳಿದಿವೆ. ಟೇಪ್ ರೆಕಾರ್ಡರನ್ನೂ ಅವಳಿಗೇ ಕೊಟ್ಟಿದ್ದೇನೆ, ಹೆಡ್ಡು ಒರೆಸುವುದು ತೋರಿಸಿಕೊಟ್ಟಿದ್ದೇನೆ. ಅವುಗಳಲ್ಲಿ ಮೂರರ ಮೇಲಿನ ಬರಹ ನೀರು ಬಿದ್ದು ಅಳಿಸಿಹೋಗಿದೆ, ಒಳಗೆ ಯಾರಿದ್ದಾರೆ ಅಂತ ಹಾಕಿ ನೋಡದೆ ತಿಳಿಯುವುದಿಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ನಾಗಪುರದಲ್ಲಿದ್ದ ಕನ್ನಡದವರು ಇದನ್ನು ಓದುತ್ತಿದ್ದರೆ, ಅಥವಾ ನಿಮ್ಮ ಅಪ್ಪ ಅಮ್ಮ ಇಲ್ಲಿದ್ದವರಾಗಿದ್ದರೆ, ಪತ್ರಿಕೆಯ ಸಂಪಾದಕರಿಗೆ ಒಂದು ಮಾತು ಬರೆಯಿರಿ. ಆ ಮೂರರಲ್ಲಿ ನಿಮ್ಮ ಮನೆಯವರ ದನಿಯೂ ಇರಬಹುದು.